ಓದು ಬಾರದವರೇ ಬೇಕಾಗಿದ್ದಾರೆ

ನಾಶಿಕದ ಕನ್ನಡ ಬಾಂಧವ್ಯ ಸಂಘದಲ್ಲಿ ಮಲ್ಲಮ್ಮನಿಗೆ ಕೆಲಸ ಸಿಕ್ಕದ್ದು ಒಂದೇ ಒಂದು ಯೋಗ್ಯತೆಯ ಮೇಲೆ. ಅವಳಿಗೆ ಓದು ಬರುತ್ತಿರಲಿಲ್ಲ.

ಓದು ಬಂದವರೇ ಕೆಲಸವಿಲ್ಲದೆ ಅಲೆಯುತ್ತಿದ್ದ ಕಾಲ ಅದು. ಬಿ.ಎ. ಮುಗಿಸಿದ ಹುಡುಗರು ಘೋಟಿಯ ಅಕ್ಕಿ ಗಿರಣಿಯ ಬಾಗಿಲಲ್ಲಿ ನಿಂತು ಮೂಟೆ ಎಣಿಸುತ್ತಿದ್ದರು. ಅಂಥದರಲ್ಲಿ ಕಲಬುರಗಿ ಕಡೆಯ ಹೊಲಗೇರಿಯಿಂದ ಬಂದ ವಿಧವೆಯೊಬ್ಬಳನ್ನು ಕರೆದು, ನಿನಗೆ ಅಕ್ಷರ ಬಾರದಲ್ಲವೇ, ಬಾ, ಈ ಕೆಲಸಕ್ಕೆ ನೀನೇ ತಕ್ಕವಳು ಎಂದರೆ ಅದು ಸಂಘದ ದೊಡ್ಡತನವಲ್ಲದೆ ಮತ್ತೇನು.

ಸಂಘದ ಒಳಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ಒಂದು ಸಾಗವಾನಿ ಕಪಾಟು. ಅದರ ತುಂಬ ಹಿತ್ತಾಳೆ ಹಿಡಿ ಹಿಡಿದು ಎಳೆಯುವ ಸೆಳೆಗೂಡುಗಳು. ಅದಕ್ಕೆ ಮಾಹಿತಿ ಭಂಡಾರ ಎಂದು ಹೆಸರು. ನಾಶಿಕ ಮತ್ತು ಔರಂಗಾಬಾದಿನಲ್ಲಿ ಕನ್ನಡ ಮಾತಾಡುವ ಪ್ರತಿ ಮನೆಗೂ ಅದರಲ್ಲೊಂದು ಕಾರ್ಡು. ಯಾರು ಯಾವ ಊರಿನವರು, ಯಾವ ಜಾತಿ, ಯಾವ ಹೋಟೆಲು, ಯಾರ ಮನೆಯಲ್ಲಿ ಕೋಣೆ ಖಾಲಿ, ಯಾರ ಮಗಳು ಮದುವೆಗೆ ಬಂದಿದ್ದಾಳೆ, ಯಾರ ತಮ್ಮ ಯಾರ ಗಲ್ಲಾ ಬಳಿದುಕೊಂಡು ಓಡಿದ, ಎಲ್ಲ ಅದರೊಳಗೆ. ಬೇಕಾದವರು ಕಿಟಕಿಯಲ್ಲಿ ಹೆಸರು ಬರೆದ ಚೀಟಿ ಕೊಡಬೇಕು. ಒಳಗಿನಿಂದ ಕಾರ್ಡು ಬರುತ್ತದೆ.

ಆದರೆ ಎಲ್ಲರಿಗೂ ಎಲ್ಲ ಕಾರ್ಡು ಬರುವುದಿಲ್ಲ. ಹಾಗೆ ಬಂದರೆ ಅದು ಸಂಘ ಹೇಗಾದೀತು, ಸಂತೆಯಾದೀತು. ಗೋಡೆಯ ಮೇಲೆ ಒಂದು ಹಲಗೆ ಇತ್ತು. ಮನು ಬರೆದದ್ದಲ್ಲ, ಪೇಂಟರ್ ಬರೆದದ್ದು. ಪೋಷಕರಾದವರಿಗೆ ಎಲ್ಲ ಸೆಳೆಗೂಡುಗಳೂ ತೆರೆದಿದ್ದವು. ಆಜೀವ ಸದಸ್ಯರಿಗೆ ಪೋಷಕರ ಮನೆಯ ವಿಚಾರ ಬಿಟ್ಟು ಉಳಿದದ್ದು. ಸಾಮಾನ್ಯ ಸದಸ್ಯರಿಗೆ ಕೋಣೆ ಮತ್ತು ನೌಕರಿ ಮಾತ್ರ. ಅಭ್ಯಾಗತರು ಕಿಟಕಿಯ ಆಚೆ ನಿಂತು ಕೇಳಬಹುದು. ಉಂಟು ಅಥವಾ ಇಲ್ಲ ಎಂಬ ಉತ್ತರ ಪಡೆದು ಮನೆಗೆ ಹೋಗಬಹುದು. ಹಲಗೆಯ ಬುಡದಲ್ಲಿ, ಬಣ್ಣ ಮುಗಿಯುತ್ತಾ ಬಂದ ಜಾಗದಲ್ಲಿ, ಸೇವಕ ವರ್ಗ. ತೆಗೆಯಬಹುದು, ಇಡಬಹುದು, ಧೂಳು ಒರೆಸಬಹುದು. ನೋಡತಕ್ಕದ್ದಲ್ಲ.

ಕೇರಿಯವರಿಗೂ ಕಾರ್ಡು ಇತ್ತು. ಸಂಘಕ್ಕೆ ಸರ್ಕಾರದಿಂದ ಜಾಗ ಕೇಳುವಾಗ ತಲೆ ಎಣಿಕೆ ಬೇಕಿತ್ತು. ಎಣಿಕೆಯ ದಿನ ನಾವೆಲ್ಲ ಕನ್ನಡಿಗರು. ಮರುದಿನ ಮತ್ತೆ ಹಲಗೆ.

ನೋಡದೆ ತೆಗೆಯುವುದು ಹೇಗೆ ಎಂಬ ಪ್ರಶ್ನೆಗೆ ಅಧ್ಯಕ್ಷರಾದ ಕೃಷ್ಣರಾಜ ರಾಯರು ಉತ್ತರ ಕಂಡುಹಿಡಿದಿದ್ದರು. ರಾಯರು ಉಡುಪಿ ಕಡೆಯವರು. ಊರ ನಡುವೆ ಅವರದೊಂದು ಹೋಟೆಲು. ಅಲ್ಲಿ ಅಡುಗೆಯವನು ಗಲ್ಲಾ ಮುಟ್ಟುವಂತಿಲ್ಲ, ಬಡಿಸುವವನು ಒಲೆ ಮುಟ್ಟುವಂತಿಲ್ಲ, ತಟ್ಟೆ ತೊಳೆಯುವವನು ಏನನ್ನೂ ಮುಟ್ಟುವಂತಿಲ್ಲ. ಅದೇ ಬುದ್ಧಿಯನ್ನು ಅವರು ಭಂಡಾರಕ್ಕೂ ತಂದರು. ಓದು ಬಾರದವಳನ್ನು ಒಳಗಿಟ್ಟರೆ ಗುಟ್ಟು ಹೊರಗೆ ಹೋಗುವುದಿಲ್ಲ. ಚೀಟಿಯ ಮೇಲಿನ ಅಕ್ಷರದ ಆಕಾರ ನೋಡುವುದು, ಅದೇ ಆಕಾರದ ಕಾರ್ಡು ಹುಡುಕುವುದು, ಹೊರಗೆ ಕೊಡುವುದು.

“ಗುಂಡಿಗೆ ಗುಂಡಿ ಜೋಡಿಸಿದ ಹಾಗೆ ಮಾರಾಯ್ತಿ, ಅಷ್ಟೇ,” ಎಂದಿದ್ದರು ರಾಯರು. “ತಲೆ ಓಡಿಸಬೇಕು ಅಂತ ಇಲ್ಲ.”

ಅವಳು ತಲೆ ಓಡಿಸಲಿಲ್ಲ. ಮೈ ಓಡಿಸಿದಳು. ಮೇಲಿನ ಸೆಳೆಗೂಡಿಗೆ ಏಣಿ ಹತ್ತಬೇಕು. ಸಾಗವಾನಿ ಭಾರ, ಕಾರ್ಡು ಇನ್ನೂ ಭಾರ. ಎದೆಗೆ ಆನಿಸಿಕೊಂಡು ಇಳಿಯಬೇಕು. ಸಂಜೆಗೆ ಸೊಂಟ ಹಿಡಿಯುತ್ತಿತ್ತು. ಹುಳು ಬೀಳಬಾರದೆಂದು ಚೆಲ್ಲಿದ ಪುಡಿ ಮೂಗಿಗೇರಿ ಕಣ್ಣು ಕೆಂಪಾಗುತ್ತಿತ್ತು. ಬಾಯಾರಿದರೆ ಹಿತ್ತಲ ನಲ್ಲಿಯ ಹತ್ತಿರ ಅವಳದೇ ಒಂದು ಅಲ್ಯುಮಿನಿಯಂ ಲೋಟ ಕವುಚಿ ಇಟ್ಟಿತ್ತು. ಭಂಡಾರದ ಎಲ್ಲ ಮನೆತನಗಳನ್ನೂ ಎದೆಗೆ ಅಪ್ಪಿಕೊಳ್ಳಬಹುದು, ಅವರ ಲೋಟ ಮಾತ್ರ ಮುಟ್ಟುವಂತಿಲ್ಲ.

ವರ್ಷಕ್ಕೊಮ್ಮೆ ಪರೀಕ್ಷೆ. ಓದುವ ಮಕ್ಕಳಿಗೆ ಪಾಸಾಗಲು ಪರೀಕ್ಷೆ, ಇವಳಿಗೆ ನಪಾಸಾಗಲು. ಪೋಷಕರು ಸಾಲಾಗಿ ಕೂರುತ್ತಿದ್ದರು. ರಾಯರು ಒಂದು ಕಾಗದದ ಮೇಲೆ ಏನೋ ಬರೆದು ತಲೆಕೆಳಗಾಗಿ ಅವಳ ಕೈಗೆ ಕೊಡುತ್ತಿದ್ದರು. ಓದು ಬರುವವರಾದರೆ ಕೈ ತಾನಾಗಿ ಕಾಗದ ತಿರುಗಿಸುತ್ತದೆ ಎಂಬುದು ಒಂದು ಶಾಸ್ತ್ರ. ತಿರುಗಿಸದಿದ್ದರೂ ಮುಖ ಬದಲಾಗುತ್ತದೆ ಎಂಬುದು ಇನ್ನೊಂದು. ಮುಖ ಬದಲಾಗಲಿ ಎಂದೇ ರಾಯರು ಆರಿಸಿ ಆರಿಸಿ ಬರೆಯುತ್ತಿದ್ದರು. ಅವಳು ಕಾಗದವನ್ನು ಕೊಟ್ಟ ಹಾಗೇ ಹಿಡಿದು ನಿಲ್ಲುತ್ತಿದ್ದಳು. ಪೋಷಕರು ನಗುತ್ತಿದ್ದರು. ಅಲ್ಲಿಗೆ ಇನ್ನೊಂದು ವರ್ಷದ ಅನ್ನ.

ಈಗ ರಾಯರ ತಪ್ಪು ಏನೆಂದರೆ, ಅಂಥವರೇ ಮಾಡಬಹುದಾದ ತಪ್ಪು ಅದು, ಒಬ್ಬ ಹೆಂಗಸಿಗೆ ವರ್ಷಗಟ್ಟಲೆ ಬೆಳಗಿನಿಂದ ಸಂಜೆಯವರೆಗೆ ಅಕ್ಷರಕ್ಕೆ ಅಕ್ಷರ ಜೋಡಿಸಲು ಹಚ್ಚಿ, ಅವಳಿಗೆ ಅಕ್ಷರ ಬರುವುದಿಲ್ಲ ಎಂದು ನೆಮ್ಮದಿಯಾಗಿ ಮಲಗಿದ್ದು. ಕಿಟಕಿಯ ಆಚೆ ನಿಂತವರು ಹೆಸರು ಕೂಗುತ್ತಿದ್ದರು. “ಅನಸೂಯ ಅಂತ ಬರೆದಿದ್ದೇನೆ, ಬೇಗ ಕೊಡು.” ಹೆಸರು ಕಿವಿಯಲ್ಲಿ, ಆಕಾರ ಕೈಯಲ್ಲಿ. ಒಂದು ಶಾಲೆಗೆ ಇದಕ್ಕಿಂತ ಹೆಚ್ಚೇನು ಬೇಕು. ನಾಶಿಕ ರೋಡ್ ಸ್ಟೇಷನ್ನಿನ ಹಿಂದಿನ ಝೋಪಡಿಯಲ್ಲಿ ಮಗಳು ನಾಗಮ್ಮ ಉಳಿದ ಒತ್ತು, ದೀರ್ಘ ತಿದ್ದಿದಳು. ಅವಳಿಗೆ ಅದು ಸುಲಭವಿರಲಿಲ್ಲ. ಮರಾಠಿ ಶಾಲೆಯ ಹುಡುಗಿ, ಕನ್ನಡವನ್ನು ಊರಿನಿಂದ ತಂದ ಒಂದು ಹರಕು ಪುಸ್ತಕದಲ್ಲಿ ಕಲಿತವಳು.

ಆ ವರ್ಷದ ಪರೀಕ್ಷೆಯಲ್ಲಿ ಮಲ್ಲಮ್ಮ ಮೊದಲ ಸಲ ಕಾಗದ ಓದಿದಳು. ತಲೆಕೆಳಗಾಗಿಯೇ ಓದಿದಳು. “ಇವಳ ಗಂಡ ಮನ್ಮಾಡದಲ್ಲಿ ಕುಡಿದು ರೈಲಿಗೆ ಸಿಕ್ಕ ನಾಯಿ” ಎಂದಿತ್ತು. ಗಂಡ ಮನ್ಮಾಡದ ರೈಲು ಯಾರ್ಡಿನಲ್ಲಿ ಡಬ್ಬಿ ಜೋಡಿಸುವವನು. ಒಂದು ದಿನವೂ ಕುಡಿದವನಲ್ಲ. ಎರಡು ಡಬ್ಬಿಗಳ ನಡುವೆ ಸಿಕ್ಕವನ ಮೈಯನ್ನು ಗೋಣಿಯಲ್ಲಿ ತುಂಬಿ ಕೊಟ್ಟಿದ್ದರು.

ಅವಳ ಮುಖ ಬದಲಾಗಲಿಲ್ಲ. ಹಲ್ಲು ಕೆಳದುಟಿಯ ಒಳಗಡೆ ಇಳಿಯಿತು. ಬಾಯಲ್ಲಿ ಉಪ್ಪು. ನುಂಗಿದಳು. ಪೋಷಕರು ನಕ್ಕರು. ಪಾಸು.

ಮಲ್ಲಮ್ಮ ಹಿತ್ತಲಿಗೆ ಹೋಗಿ ಉಗುಳಿದಳು. ಆಮೇಲೆ ಬಂದು ಪೋಷಕರು ಕುಡಿದಿಟ್ಟ ಚಹಾದ ಬಟ್ಟಲುಗಳನ್ನು ಬೂದಿ ಹಾಕಿ ತಿಕ್ಕಿದಳು. ಬಟ್ಟಲಿನ ಎಂಜಲು ಮುಟ್ಟಲು ಅವಳಿಗೆ ಪೂರ್ಣ ಅಧಿಕಾರವಿತ್ತು.

ಅವಳ ಪಾಲಿಗೆ ಇನ್ನೊಂದು ಕೆಲಸವೂ ಇತ್ತು. ಔರಂಗಾಬಾದಿನಲ್ಲಿ ಸಂಘದ್ದೊಂದು ಹೆಣ್ಣುಮಕ್ಕಳ ವಸತಿಗೃಹ. ಅರ್ಜಿ ಹಾಕಿದವರ ಕಾರ್ಡುಗಳು ಬೇಸಿಗೆಯಲ್ಲಿ ನಾಶಿಕದಿಂದ ಪೆಟ್ಟಿಗೆ ಕಟ್ಟಿ ಹೋಗುತ್ತಿದ್ದವು. ಕಾರ್ಯದರ್ಶಿ ಗುರುಲಿಂಗಪ್ಪ ಬೀದರ್ ಕಡೆಯ ಬಟ್ಟೆ ವ್ಯಾಪಾರಿ. ಹಣೆ ತುಂಬ ವಿಭೂತಿ, ಬಾಯಿ ತುಂಬ ಸಮಾನತೆ. ಅವನು ಎರಡು ಕಟ್ಟು ತಂದು ಮುಂದಿಡುತ್ತಿದ್ದ. ಒಂದಕ್ಕೆ ಬಿಳಿ ದಾರ, ಒಂದಕ್ಕೆ ಕೆಂಪು.

“ಕೆಂಪು ದಾರದ್ದು ಎಡಗಡಿ ಮೂಲಿ ಕತ್ತರಿಸು. ಬಿಳಿದು ಮುಟ್ಟಬ್ಯಾಡ.”

“ಯಾಕ್ರಿ?”

“ಯಾಕ ಅಂತ ಕೇಳೋದು ನಿನ್ನ ವರ್ಗದಾಗ ಬರಂಗಿಲ್ಲವ್ವ.”

ಕಾರ್ಡು ದಪ್ಪ ರಟ್ಟಿನದು. ಕತ್ತರಿ ಮೊಂಡು. ಹೆಬ್ಬೆರಳ ಬುಡದಲ್ಲಿ ಬೊಕ್ಕೆ ಎದ್ದು, ಒಡೆದು, ಅದರ ಮೇಲೆ ಮತ್ತೊಂದು ಏಳುತ್ತಿತ್ತು. ಪ್ರತಿ ಬೇಸಿಗೆಯೂ ಅವಳು ಕತ್ತರಿಸಿದಳು. ಓದು ಬಂದ ಮೇಲಿನ ಮೊದಲ ಬೇಸಿಗೆ, ಕತ್ತರಿಸುತ್ತಲೇ ಹೆಸರು ಓದಿದಳು. ಮೇಲಿನ ಓಣಿಯ ಪಾರ್ವತಿಬಾಯಿಯ ಮಗಳು. ಲಾಸಲಗಾಂವ್‌ನಲ್ಲಿ ಉಳ್ಳಾಗಡ್ಡಿ ಮೂಟೆ ಹೊರುವ ಈರಮ್ಮನ ತಂಗಿಯ ಮಗಳು. ಕೆಂಪು ದಾರದೊಳಗೆ ಇದ್ದದ್ದೆಲ್ಲ ಅವಳ ಕೇರಿ. ಹಿಂದಿನ ಬೇಸಿಗೆಗಳಲ್ಲಿ ಇಂಥವರಿಗೆಲ್ಲ ಔರಂಗಾಬಾದಿನಿಂದ “ಸ್ಥಳವಿಲ್ಲ” ಎಂದೇ ಬಂದಿತ್ತು. ಇವಳೇ ಅವರ ಮನೆಗೆ ಹೋಗಿ ಸಮಾಧಾನ ಹೇಳಿದ್ದಳು. ಸ್ಥಳ ಇರಲಿಲ್ಲಂತ ಯವ್ವಾ, ಏನ್ ಮಾಡ್ತಿ.

ಕೆಂಪು ದಾರ ಹಚ್ಚುವ ಕೈ ಅವರದು. ಕತ್ತರಿ ಹಿಡಿಯುವ ಕೈ ಇವಳದು. ಸಂಘದ ಕೈ ತೊಳೆದಷ್ಟೇ ಬಿಳಿ.

ಮರುವರ್ಷದ ಬೇಸಿಗೆ ಕೆಂಪು ದಾರದ ಕಟ್ಟು ಬಿಚ್ಚಿದಾಗ ಮೇಲೆಯೇ ಒಂದು ಕಾರ್ಡು ಕೂತಿತ್ತು. ನಾಗಮ್ಮ. ತಾಯಿ ಮಲ್ಲಮ್ಮ. ಶಿಕ್ಷಕಿಯರ ತರಬೇತಿಗೆ ನಾಗಮ್ಮನಿಗೆ ಔರಂಗಾಬಾದಿನಲ್ಲಿ ಸೀಟು ಸಿಕ್ಕಿತ್ತು. ಸರ್ಕಾರಿ ಹಾಸ್ಟೆಲು ತುಂಬಿತ್ತು. ಇಲ್ಲಿ ಕೋಣೆ ಸಿಗದಿದ್ದರೆ ಸೀಟು ಬಿಡಬೇಕು. ಬಿಟ್ಟರೆ ಮುಂದಿನ ದಾರಿ ಈರಮ್ಮನ ಜೊತೆ ಲಾಸಲಗಾಂವ್‌ಗೆ, ಉಳ್ಳಾಗಡ್ಡಿ ಆರಿಸಲು.

ಮಲ್ಲಮ್ಮ ಕತ್ತರಿ ಕೆಳಗಿಟ್ಟಳು.

“ಏನಾತು?” ಎಂದ ಗುರುಲಿಂಗಪ್ಪ.

“ಕತ್ತರಿ ಮೊಂಡ ಆಗ್ಯಾದ್ರಿ. ಸಾಣಿ ಹಿಡಿಸ್ಕೊಂಡು ನಾಳೆ ಮಾಡ್ತೀನ್ರಿ.”

“ಹಂಗೇ ಮಾಡು. ನಾಳೆ ಪೆಟ್ಟಿಗಿ ಕಟ್ಟಿಬಿಡು. ಎಣಿಕಿ ಸರಿ ಇದ್ದರ ಸಾಕು, ನಾ ನೋಡಲ್ಲ.”

ಮನೆಗೆ ಬಂದಾಗ ನಾಗಮ್ಮ ರೊಟ್ಟಿ ತಟ್ಟುತ್ತಿದ್ದಳು. ಈರಮ್ಮ ಹೊಸ್ತಿಲ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಇಡೀ ದಿನ ಮೂಟೆ ಹೊತ್ತ ಕುತ್ತಿಗೆ ಒಂದೇ ಕಡೆ ವಾಲಿತ್ತು. ಮಲ್ಲಮ್ಮ ಕಾರ್ಡಿನ ವಿಷಯ ಹೇಳಿದಳು.

“ಆಯೀ, ನಂದು ಒಂದು ಬಿಟ್ಟಬಿಡು,” ಎಂದಳು ನಾಗಮ್ಮ. “ಕಾಪೂ ನಕೋ, ಕತ್ತರಿಸಬ್ಯಾಡ.”

“ಒಂದೇ ಬಿಟ್ಟರ ಯಾರು ಬಿಟ್ಟರಂತ ತಿಳಿಯಲ್ಲೇನು? ನನ್ನ ಮಗಳದೇ ಬಿಟ್ಟದ ಅಂದ್ರ ಹೆಸರು ಓದ್ಯಾಳ ಅಂತಾರ.”

“ಹಂಗಾರ ಯಾರದೂ ಕಾಪೂ ನಕೋ.”

“ಮತ್ತ ತರಿಸಿ ಕತ್ತರಿಸ್ತಾರ. ಅವರ ಮನಿಯಾಗ ಕತ್ತರಿ ಇಲ್ಲೇನು?”

ಈರಮ್ಮ ಎಲೆ ಮಡಿಸಿ ಬಾಯಿಗಿಟ್ಟಳು. ಅವಳಿಗೆ ಈ ಮೂಲೆ, ದಾರ, ಹೆಸರುಗಳ ಮೇಲೆ ಅಂಥ ಗೌರವವೇನೂ ಇರಲಿಲ್ಲ.

“ಎಲ್ಲರದೂ ಕತ್ತರಿಸಿ ಒಗಿಯೇ ನಮ್ಮವ್ವ,” ಎಂದಳು. “ಒಬ್ಬಾಕಿ ಮೂಗು ಕೊಯ್ದರ ಅವಮಾನ. ಊರಿಗೆ ಊರೇ ಮೂಗು ಕೊಯ್ಕೊಂಡರ ರಿವಾಜು.”

ನಾಗಮ್ಮ ಬಿದ್ದು ಬಿದ್ದು ನಕ್ಕಳು. ಹೆಂಚಿನ ಮೇಲಿನ ರೊಟ್ಟಿ ಸೀದಿತು. ಮಲ್ಲಮ್ಮ ನಗಲಿಲ್ಲ. ಸೆರಗಿನಿಂದ ಕತ್ತರಿ ತೆಗೆದು ಹೊಸ್ತಿಲ ಕಲ್ಲಿಗೆ ಮಸೆಯತೊಡಗಿದಳು.

ಮರುದಿನ ಅವಳು ಬಿಳಿ ದಾರ ಬಿಚ್ಚಿದಳು. ಮುಟ್ಟಬಾರದ ಕಟ್ಟು. ಮೊದಲ ಕಾರ್ಡು ವಸಂತಿಯದು. ಕೃಷ್ಣರಾಜ ರಾಯರ ಮೊಮ್ಮಗಳು, ಔರಂಗಾಬಾದಿನಲ್ಲಿ ಕಾಲೇಜಿಗೆ ಸೇರುವವಳು. ಮಲ್ಲಮ್ಮ ಎಡಗಡೆಯ ಮೂಲೆಗೆ ಕತ್ತರಿ ಇಟ್ಟಳು. ಅಧ್ಯಕ್ಷರ ಮನೆತನದ ರಟ್ಟು ಬೇರೆಯಾಗಿರಬಹುದು ಎಂದು ಅವಳಿಗೆ ಒಂದು ಅನುಮಾನವಿತ್ತು. ಬೇರೆಯಾಗಿರಲಿಲ್ಲ. ಅದೇ ಸಪ್ಪಳ. ಆಮೇಲೆ ಗುರುಲಿಂಗಪ್ಪನ ತಮ್ಮನ ಮಗಳು. ಆಮೇಲೆ ಸಾಮಾನ್ಯ ಸದಸ್ಯ ವಿಶ್ವನಾಥಪ್ಪನ ಮಗಳು. ಬೊಕ್ಕೆ ಒಡೆಯಿತು. ಬಟ್ಟೆ ಸುತ್ತಿಕೊಂಡು ಕತ್ತರಿಸಿದಳು. ಕೊನೆಗೆ ಎರಡೂ ಕಟ್ಟು ಮುಗಿದಾಗ ಕಾಲ ಬುಡದಲ್ಲಿ ಮೂಲೆಗಳ ಸಣ್ಣ ಗುಡ್ಡೆ. ಯಾವುದು ಯಾರದೆಂದು ಅದರಲ್ಲಿ ಯಾವ ಪೋಷಕನೂ ಆರಿಸಲಾರ. ಅವಳು ಅದನ್ನು ಸೆರಗಿನಲ್ಲಿ ಕಟ್ಟಿ ತಂದು ಒಲೆಗೆ ಹಾಕಿದಳು. ಅಂದಿನ ಚಹಾ ಚೆನ್ನಾಗಿತ್ತು.

ಔರಂಗಾಬಾದಿನಲ್ಲಿ ವಸತಿಗೃಹ ನೋಡಿಕೊಳ್ಳುವವನು ಸದಾನಂದ. ಅವನಿಗೂ ಒಂದು ವರ್ಗವಿತ್ತು. ಕಾರ್ಡಿನ ಮೇಲಿನ ಹೆಸರು, ವಿಳಾಸ, ಮೂಲೆ ನೋಡಬಹುದು, ಮೂಲೆ ಇಲ್ಲದವರಿಗೆ ಸ್ಥಳವಿಲ್ಲ ಎಂದು ಬರೆಯಬಹುದು, ಕಾರಣ ಕೇಳುವಂತಿಲ್ಲ. ಹಿಂದೊಮ್ಮೆ ಯಾವುದೋ ಒಳ್ಳೆಯ ಅಂಕದ ಹುಡುಗಿಯ ಬಗ್ಗೆ ಕೇಳಿದ್ದಕ್ಕೆ ರಾಯರು, ನೀನು ಮೂಲೆ ನೋಡು, ಮುಖ ನೋಡಬೇಡ ಎಂದಿದ್ದರು. ಅವನು ಪೆಟ್ಟಿಗೆ ತೆರೆದ. ಎಲ್ಲವೂ ಮೂಲೆಗೆಟ್ಟವು. ವಸಂತಿಯ ಹೆಸರು ನೋಡಿ ಒಂದು ಗಳಿಗೆ ಕೈ ನಿಂತಿತು. ದೊಡ್ಡವರ ಮನೆ, ಒಳಗೆ ಏನೋ ವೈಮನಸ್ಸು ಇದ್ದೀತು, ನಮಗೇಕೆ ಎಂದುಕೊಂಡ. ಪ್ರತಿಯೊಬ್ಬರಿಗೂ ಒಂದೊಂದು ಪೋಸ್ಟ್ ಕಾರ್ಡು ಬರೆದ. ಸ್ಥಳವಿಲ್ಲ. ಆಮೇಲೆ ಖಾಲಿ ವಸತಿಗೃಹಕ್ಕೆ ಬೀಗ ಹಾಕಿ ಊಟಕ್ಕೆ ಹೋದ.

ಪೋಸ್ಟ್ ಕಾರ್ಡಿಗೆ ವರ್ಗವಿಲ್ಲ. ಅಂಚೆ ಪೇದೆ ಓದುತ್ತಾನೆ, ಪಕ್ಕದ ಮನೆಯವಳು ಓದುತ್ತಾಳೆ. ರಾಯರ ಮೊಮ್ಮಗಳಿಗೇ ಸ್ಥಳವಿಲ್ಲವಂತೆ ಎಂಬ ಮಾತು ರಾಯರ ಹೋಟೆಲಿನಲ್ಲೇ ಇಡ್ಲಿಯ ಜೊತೆ ಬಡಿಸಲ್ಪಟ್ಟಿತು. ಗುರುಲಿಂಗಪ್ಪ ರಾತ್ರಿ ಗಾಡಿಗೆ ಔರಂಗಾಬಾದಿಗೆ ಹೋಗಿ ಪೆಟ್ಟಿಗೆ ಹೊತ್ತು ತಂದ.

ಭಾನುವಾರ ಸಭೆ ಕರೆದರು. ಪೋಷಕರಷ್ಟೇ ಬರಬೇಕಿತ್ತು. ಆದರೆ ಮಕ್ಕಳಿಗೆ ಸ್ಥಳವಿಲ್ಲವಾದ ಸಾಮಾನ್ಯ ಸದಸ್ಯರೂ ಹೆಂಡತಿಯರ ಸಮೇತ ಬಂದು ಕೂತುಬಿಟ್ಟರು. ಹಲಗೆ ತೋರಿಸಿದರೂ ಏಳಲಿಲ್ಲ. ರಾಯರ ಮನೆಯ ಹೆಂಗಸರೂ ವಸಂತಿಯನ್ನು ಕರೆದುಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಮೇಜಿನ ಮೇಲೆ ಮೂಲೆಗೆಟ್ಟ ಕಾರ್ಡುಗಳ ರಾಶಿ. ಮಲ್ಲಮ್ಮ ಬಾಗಿಲ ಹತ್ತಿರ ನಿಂತಿದ್ದಳು.

“ಬಿಳಿ ಕಟ್ಟಿಗೂ ಕತ್ತರಿ ಹಾಕಿದ್ದು ನೀನಾ?” ಎಂದರು ರಾಯರು.

“ಹೌದ್ರಿ.”

“ತಪ್ಪಿ ಹಾಕಿದ್ದೋ, ಬೇಕಂತಲೋ?”

ಮಲ್ಲಮ್ಮ ಹೆಬ್ಬೆರಳಿಗೆ ಸುತ್ತಿದ್ದ ಬಟ್ಟೆ ಬಿಗಿ ಮಾಡಿಕೊಂಡಳು.

“ಇವಳಿಗೆ ಓದಲಿಕ್ಕೆ ಬರ್ತದೆ,” ಎಂದರು ರಾಯರು, ಹಾವು ಕಂಡವರ ಹಾಗೆ. “ನೋಡುವ, ಈಗಲೇ ಗೊತ್ತಾಗ್ತದೆ.”

ಕಾಗದ ತೆಗೆದು ಬರೆದರು. ಎದ್ದು ತಂದು, ತಲೆಕೆಳಗು ಮಾಡಿ ಅವಳ ಕೈಗೆ ಹಿಡಿಸಿದರು. ಸಭೆ ಅವಳ ಮುಖ ನೋಡಿತು. ಕಾಗದದಲ್ಲಿ ಇದ್ದದ್ದು ಗಂಡನ ಮಾತಲ್ಲ. ನಾಗಮ್ಮನ ಮಾತು. ಆ ಹುಡುಗಿ ಔರಂಗಾಬಾದಿಗೆ ಯಾವ ದಂಧೆ ಕಲಿಯಲು ಹೊರಟಿದ್ದಾಳೆ ಎಂದು ದೊಡ್ಡ ಮನುಷ್ಯರೊಬ್ಬರು ಒಂದೇ ಸಾಲಿನಲ್ಲಿ ಬರೆದಿದ್ದರು.

ಹಲ್ಲು ತುಟಿಯೊಳಗಿನ ಹಳೆಯ ಗಾಯಕ್ಕೆ ಹೋಯಿತು. ಅಲ್ಲಿಂದ ಹಿಂದಕ್ಕೆ ಬಂತು. ಮಲ್ಲಮ್ಮ ಕಾಗದ ತಿರುಗಿಸಿದಳು. ನೆಟ್ಟಗೆ ಮಾಡಿ ರಾಯರ ಮುಂದೆ ಹಿಡಿದಳು.

“ನೀವೇ ಓದ್ರಿ.”

“ಏನು?”

“ಬರದೋರು ನೀವು. ನೀವೇ ಓದ್ರಿ. ಅಗೋ ನಿಮ್ಮ ಮನಿಯವರು ಕೂತಾರ, ಸೊಸಿ ಕೂತಾಳ, ವಸಂತಿ ಕೂತಾಳ. ಎಲ್ಲರೂ ಕೇಳಲಿ. ಜೋರಾಗಿ ಓದ್ರಿ.”

ರಾಯರು ಕಾಗದ ಕಿತ್ತುಕೊಂಡು ಜೇಬಿಗೆ ತುರುಕಿದರು. “ಅದು ಒಳಗಿನ ವಿಚಾರ.”

“ಏನು ಬರೆದಿದ್ದೀರಿ ಅಜ್ಜಾ?” ಎಂದಳು ವಸಂತಿ.

ಅಜ್ಜನಿಗೆ ಆ ಕ್ಷಣ ಓದು ಮರೆತುಹೋಗಿತ್ತು.

ವಿಶ್ವನಾಥಪ್ಪ ಎದ್ದ. ಮಂಡಿಯಲ್ಲಿ ತೂಕ ಹಾಕುವವನು, ಗಂಟಲು ದೊಡ್ಡದು. “ಅದಿರಲಿ ಬಿಡ್ರಿ ರಾಯರೇ. ನನಗೊಂದು ಹೇಳ್ರಿ. ಮೂಲಿ ಕತ್ತರಿಸಿದ್ರ ಸ್ಥಳ ಇಲ್ಲ ಅಂತ ಯಾಕ ಬರ್ತದ? ಈ ಮೂಲಿಗೆ ಅರ್ಥ ಏನು?”

“ನಾನೂ ಕೇಳೋಣಂತ ಇದ್ದೆ,” ಎಂದಳು ಮಲ್ಲಮ್ಮ. “ಇಷ್ಟು ವರ್ಷ ಕತ್ತರಿಸೇನಿ. ಅರ್ಥ ಹೇಳ್ರಿ. ಸಭಾದಾಗ ಹೇಳ್ರಿ, ನಾಳಿ ಕೋರ್ಟಿನಾಗೂ ಹೇಳ್ರಿ.”

ರಾಯರು ಗುರುಲಿಂಗಪ್ಪನನ್ನು ನೋಡಿದರು. ಗುರುಲಿಂಗಪ್ಪ ವಿಭೂತಿ ಒರೆಸಿಕೊಂಡ. ಅರ್ಥ ಹೇಳಿದರೆ ಕಾನೂನು ಎಂಬ ಅನಿಷ್ಟ ವಸ್ತು ಒಂದಿತ್ತು. ಮನಸ್ಸಿನಲ್ಲಿ ಅಸ್ಪೃಶ್ಯತೆ ಇಟ್ಟುಕೊಳ್ಳಬಹುದು, ಬಾಯಲ್ಲಿ ಇಟ್ಟುಕೊಂಡರೆ ಜೈಲು. ಅರ್ಥ ಹೇಳದಿದ್ದರೆ ಮೂಲೆಗೆ ಅರ್ಥವಿಲ್ಲ. ಅರ್ಥವಿಲ್ಲದ ಮೂಲೆಗೆ ಹೆದರಿ ವಸಂತಿ ಯಾಕೆ ಮನೆಯಲ್ಲಿರಬೇಕು.

“ಇಲಿ,” ಎಂದರು ರಾಯರು ಕೊನೆಗೆ.

“ಏನ್ರಿ?”

“ಇಲಿ ಕಡಿದದ್ದು. ಭಂಡಾರದಲ್ಲಿ ಇಲಿ ಉಂಟು. ಸದಾನಂದನಿಗೆ ತಪ್ಪು ತಿಳಿವಳಿಕೆ ಆಯಿತು, ಅಷ್ಟೇ. ಮೂಲೆಗೆ ಏನೂ ಅರ್ಥ ಇಲ್ಲ.”

“ಹಂಗಾರ ಅರ್ಜಿ ಹಾಕಿದ ಎಲ್ಲರಿಗೂ ಸ್ಥಳ ಅದ ಅಂತ ಬರಿರಿ,” ಎಂದಳು ಮಲ್ಲಮ್ಮ. “ಇಲಿ ಜಾತಿ ನೋಡಿ ಕಡಿಯಂಗಿಲ್ಲಲ್ರಿ.”

ಬರೆದರು. ನಡಾವಳಿಯಲ್ಲಿ ಬರೆದರು, ಎಲ್ಲರೂ ಕೇಳುವ ಹಾಗೆ ಓದಿದರು. ಹೀಗೆ ಸಂಘದ ಹಲಗೆಯಲ್ಲಿಲ್ಲದ ಒಂದು ಹೊಸ ವರ್ಗ ಹುಟ್ಟಿತು. ಯಾವ ಪೋಷಕನಿಗೂ ಕಡಿಮೆಯಿಲ್ಲದೆ, ಎಲ್ಲ ಸೆಳೆಗೂಡುಗಳಿಗೂ ಪ್ರವೇಶವಿದ್ದ ಇಲಿ.

ನ್ಯಾಯ ಸಿಕ್ಕಿತೆಂದು ಯಾರೂ ಕೈ ತಟ್ಟಬೇಕಿಲ್ಲ. ನಾಗಮ್ಮ ತಗಡಿನ ಪೆಟ್ಟಿಗೆ ಹೊತ್ತು ಔರಂಗಾಬಾದಿಗೆ ಹೋದಳು. ಅವಳಿಗೆ ಕೊಟ್ಟದ್ದು ಪಾಯಖಾನೆಯ ಪಕ್ಕದ ಕೋಣೆ, ಬೇರೆ ಬಕೆಟ್ಟು. ಅವಳು ಆ ಬಕೆಟ್ಟನ್ನು ಮೊದಲ ದಿನವೇ ಎಲ್ಲರ ಬಕೆಟ್ಟಿನ ಸಾಲಿನ ನಡುವೆ ಇಟ್ಟು ಬಂದಳಂತೆ. ಆ ಜಗಳ ಇನ್ನೂ ನಡೆದಿದೆ.

ಮಲ್ಲಮ್ಮನನ್ನು ಸೋಮವಾರವೇ ತೆಗೆದರು. ಕಳ್ಳತನದ ಆರೋಪವಿಲ್ಲ, ಮೈಗಳ್ಳತನದ್ದೂ ಇಲ್ಲ. ಓದು ಬರುತ್ತದೆ ಎಂಬುದೇ ಅಪರಾಧ. ಅವಳು ಈಗ ಈರಮ್ಮನ ಜೊತೆ ಲಾಸಲಗಾಂವ್‌ಗೆ ಹೋಗುತ್ತಾಳೆ. ಉಳ್ಳಾಗಡ್ಡಿಗೆ ಕಣ್ಣು ಕೆಂಪಾಗುತ್ತವೆ. ಆದರೆ ಅವು ಮೊದಲೂ ಕೆಂಪಾಗಿಯೇ ಇದ್ದವು.

ಸಂಘಕ್ಕೆ ಈಗ ಒಬ್ಬಳು ಬೇಕಾಗಿದ್ದಳು. ಓದು ಬಾರದವಳು. ಗುರುಲಿಂಗಪ್ಪನೇ ಸ್ಟೇಷನ್ನಿನ ಹಿಂದಿನ ಝೋಪಡಿಗಳವರೆಗೆ ನಡೆದು ಬಂದು ಹೇಳಿ ಹೋದ. ಓದು ಬಾರದವರಿಗೆ ಆ ಕೇರಿಯಲ್ಲಿ ಬರವಿರಲಿಲ್ಲ. ದೇವರ ದಯೆ, ಸರ್ಕಾರದ ದಯೆ, ಸಂಘದ ದಯೆ. ಹೆಂಗಸರೆಲ್ಲ ತಲೆ ಬಾಚಿಕೊಂಡು ಹೋಗಿ ಕಿಟಕಿಯಲ್ಲಿ ನಿಂತರು.

“ನಿನಗೆ ಓದು ಬರ್ತದಾ?” ಎಂದರು ರಾಯರು ಮೊದಲನೆಯವಳಿಗೆ.

“ಬರ್ತದ್ರಿ.”

“ನಿನಗೆ?”

“ಬರ್ತದ್ರಿ ಸಾಹೇಬ್ರ. ಛಲೋ ಬರ್ತದ.”

ಒಬ್ಬಳನ್ನೂ ಬಿಡದೆ ಎಲ್ಲರಿಗೂ ಬರುತ್ತಿತ್ತು. ಹೆಬ್ಬೆಟ್ಟು ಒತ್ತಿ ಒತ್ತಿ ಬೆರಳು ನೀಲಿಯಾದವರಿಗೂ ಬರುತ್ತಿತ್ತು. ಕೊನೆಗೆ ನಿಂತಿದ್ದವಳು ಈರಮ್ಮ. ರಾಯರಿಗೆ ಸಿಟ್ಟು ನೆತ್ತಿಗೇರಿತು. ಒಂದು ಕಾಗದ ಬರೆದು, ತಲೆಕೆಳಗು ಮಾಡಿ ಕಿಟಕಿಯಿಂದ ಕೊಟ್ಟರು.

“ಓದು, ನೋಡುವ.”

ಈರಮ್ಮ ಅಕ್ಷರ ಎಂಬುದನ್ನು ಉಳ್ಳಾಗಡ್ಡಿ ಮೂಟೆಯ ಮೇಲೆ ದೂರದಿಂದ ಕಂಡವಳು. ಕಾಗದವನ್ನು ಕೊಟ್ಟ ಹಾಗೇ ಹಿಡಿದಳು. ತಲೆಕೆಳಗಾಗಿಯೇ ಹಿಡಿದಳು. ಎಲೆಯಡಿಕೆ ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿ, ಸಾಲಿನ ಮೇಲೆ ಬೆರಳಿಟ್ಟು, ಬೀದಿಗೆಲ್ಲ ಕೇಳುವ ಹಾಗೆ ಓದತೊಡಗಿದಳು.

“ಮಲ್ಲಮ್ಮನ ಮಗಳು ಔರಂಗಾಬಾದಿನಾಗ ಓದ್ಲಕ್ಕ ಹೋಗ್ಯಾಳ. ರಾಯರಿಗೆ ಹೊಟ್ಟಿ ನೋವು. ಇಷ್ಟೇ ಬರದದ ನೋಡ್ರಿ. ಬಾಕಿದು ಇಲಿ ತಿಂದದ.”